ಹಳೇ ಕಾರಿಗೆ ಫುಲ್ ಇನ್ಶೂರೆನ್ಸ್ ಬೇಕಾ, ಥರ್ಡ್ ಪಾರ್ಟಿ ಸಾಕಾ? (ಹುಬ್ಬಳ್ಳಿ, 2017 ಮಾಡೆಲ್)

ನವನಗರದ_ನಾಗರಿಕ
ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1197 ಸಿಸಿ, ಕೆಎ-63 ಪಾಸಿಂಗ್. ಮುಂದಿನ ತಿಂಗಳು ಇನ್ಶೂರೆನ್ಸ್ ಮುಗಿಯುತ್ತದೆ. ಏಜೆಂಟ್ ಮೂರು ರೇಟು ಕಳಿಸಿದ್ದಾರೆ:

ಬರೀ ಥರ್ಡ್ ಪಾರ್ಟಿ (ಹೊರಗಿನವರಿಗೆ ಆದ ಹಾನಿಗೆ ಮಾತ್ರ), ಜೊತೆಗೆ ಮಾಲೀಕರ ಅಪಘಾತ ವಿಮೆ: 4,473 ರೂಪಾಯಿ.
ಫುಲ್ ಪಾಲಿಸಿ, ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ) 2.60 ಲಕ್ಷ, ಎನ್‌ಸಿಬಿ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) 50%: 8,013.
ಅದೇ ಪಾಲಿಸಿಗೆ ಝೀರೋ ಡೆಪ್ (ಬಿಡಿಭಾಗ ಹಳೇದು ಅಂತ ಕ್ಲೇಮಿನಲ್ಲಿ ಕಡಿತ ಮಾಡದಿರುವುದು), ಎಂಜಿನ್ ಪ್ರೊಟೆಕ್ಟ್, ಕನ್ಸ್ಯೂಮಬಲ್ಸ್ ಸೇರಿಸಿ: 12,025.

ಇಷ್ಟು ವರ್ಷ ಒಂದೂ ಕ್ಲೇಮ್ ಮಾಡಿಲ್ಲ. ಕೆಲಸಕ್ಕೆ ಚಿಗರಿ ಬಸ್ಸಿನಲ್ಲೇ ಧಾರವಾಡಕ್ಕೆ ಹೋಗುತ್ತೇನೆ. ಕಾರು ಏನಿದ್ದರೂ ವಾರಕ್ಕೊಮ್ಮೆ ಗದಗಕ್ಕೆ, ಆಗಾಗ ನವಲಗುಂದದ ಹತ್ತಿರ ನಮ್ಮ ಊರಿಗೆ. ಹೆಂಡತಿ, ಇಬ್ಬರು ಮಕ್ಕಳು, ಕೆಲವೊಮ್ಮೆ ಅವ್ವ ಜೊತೆಗಿರುತ್ತಾರೆ. ಹಳೇ ಗಾಡಿಗೆ 12 ಸಾವಿರ ಸುಮ್ನೆ ದಂಡ ಅನಿಸುತ್ತಿದೆ. ನೀವು ಏನಂತೀರಿ?

ಬ್ಯಾಡಗಿ_ಖಾರ
ಥರ್ಡ್ ಪಾರ್ಟಿ ಮಾಡಿಸಿ ಮುಗಿಸಿ ಸರ್. ಉಳಿದ ದುಡ್ಡು ಬ್ಯಾಂಕಿನಲ್ಲಿ ಇಡಿ. ಗೀರು ಬಿದ್ದರೆ ನಮ್ಮೂರ ಗ್ಯಾರೇಜಿನವನು ಅರ್ಧ ರೇಟಿಗೆ ಮಾಡಿಕೊಡುತ್ತಾನೆ. ಇನ್ಶೂರೆನ್ಸ್ ಕಂಪನಿ ಯಾರನ್ನೂ ಉದ್ಧಾರ ಮಾಡಿಲ್ಲ.

ಪೇಡಾ_ಪ್ರಿಯ
ಖಾರ ಅವರು ಬೆಳಗ್ಗೆನೇ ಶುರು ಮಾಡಿದರು 😀
ಆದರೂ ಒಂದು ಪ್ರಶ್ನೆ. ಥರ್ಡ್ ಪಾರ್ಟಿ ರೇಟು ಯಾವ ಕಂಪನಿಗೆ ಹೋದರೂ ಒಂದೇ ಹೇಳುತ್ತಾರೆ. ಚೌಕಾಸಿ ಮಾಡೋಕೆ ಆಗಲ್ವಾ?

ಡೆಂಟಿಂಗ್_ಪೇಂಟಿಂಗ್
ನಾನು ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಕ್ಲೇಮ್ ಟೇಬಲ್ ನೋಡಿಕೊಳ್ಳುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪೇಡಾ ಅವರೇ, ಥರ್ಡ್ ಪಾರ್ಟಿಯಲ್ಲಿ ಚೌಕಾಸಿ ಇಲ್ಲ. ದರ ಗೊತ್ತು ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿ ಪ್ರಕಾರ ಖಾಸಗಿ ಕಾರು 1000 ಸಿಸಿ ಒಳಗಿದ್ದರೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ಇದರ ಮೇಲೆ 18% ಜಿಎಸ್‌ಟಿ. ಕಂಪನಿ ಕಂಪನಿಗೆ ರೇಟು ಬದಲಾಗುವುದು ನಮ್ಮ ಗಾಡಿಯ ಡ್ಯಾಮೇಜ್ ಭಾಗದಲ್ಲಿ ಮತ್ತು ಆಡ್-ಆನ್‌ಗಳಲ್ಲಿ (ಝೀರೋ ಡೆಪ್ ಥರ ಮೇಲೆ ಸೇರಿಸುವ ರಕ್ಷಣೆಗಳು) ಮಾತ್ರ.

ಈಗ ನಾಗರಿಕ ಅವರ ಲೆಕ್ಕ ಬಿಡಿಸಿ ನೋಡಿ. ಮೊದಲನೆಯ ಮತ್ತು ಎರಡನೆಯ ರೇಟಿನ ನಡುವಿನ ವ್ಯತ್ಯಾಸ 3,540 ರೂಪಾಯಿ. ಅಂದರೆ 2.60 ಲಕ್ಷದ ಗಾಡಿಗೆ ಬೆಂಕಿ, ಕಳವು, ನೆರೆ, ಮರ ಬೀಳುವುದು, ಅಪಘಾತ ಎಲ್ಲಕ್ಕೂ ಸೇರಿ ವರ್ಷಕ್ಕೆ 3,540. ಇದು ದುಬಾರಿ ಅಲ್ಲ. ಎನ್‌ಸಿಬಿ 50% ಇರುವುದರಿಂದಲೇ ಇಷ್ಟು ಕಡಿಮೆಗೆ ಸಿಗುತ್ತಿದೆ. ಯೋಚನೆ ಮಾಡಬೇಕಾದದ್ದು ಎರಡನೆಯದಕ್ಕೂ ಮೂರನೆಯದಕ್ಕೂ ಇರುವ 4,012 ರೂಪಾಯಿ ಬಗ್ಗೆ. ಅದನ್ನು ಆಮೇಲೆ ಹೇಳುತ್ತೇನೆ. ಒಬ್ಬರು ಸರ್ವೇಯರ್ (ವಿಮಾ ಕಂಪನಿ ಪರವಾಗಿ ಹಾನಿ ಅಂದಾಜು ಮಾಡುವವರು) ಬಂದಿದ್ದಾರೆ.

ಬ್ಯಾಡಗಿ_ಖಾರ
ವರ್ಕ್‌ಶಾಪಿನವರು ಫುಲ್ ಇನ್ಶೂರೆನ್ಸ್ ಬೇಡ ಅಂತಾರಾ? ಅವರ ಅನ್ನವೇ ಅದು.

ಸಪ್ತಾಪುರ_ವಕೀಲ
ಖಾರ ಅವರ ಮಾತಿನಲ್ಲಿ ಒಂದು ದೊಡ್ಡ ತೂತಿದೆ. ಅದನ್ನು ಯಾರೂ ಹೇಳುತ್ತಿಲ್ಲ. ನಾಗರಿಕ ಅವರು ಹೆಂಡತಿ, ಮಕ್ಕಳು, ತಾಯಿ ಜೊತೆ ಓಡಾಡುತ್ತೇನೆ ಅಂದರಲ್ಲ, ಅದೇ ಇಲ್ಲಿ ಮುಖ್ಯ.

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಗಾಡಿಯಿಂದ ಹೊರಗಿನವರಿಗೆ ಆದ ಸಾವು, ನೋವಿಗೆ ಕಂಪನಿ ಪರಿಹಾರ ಕೊಡುತ್ತದೆ. ಅದಕ್ಕೆ ಮಿತಿ ಇಲ್ಲ. ಹೊರಗಿನವರ ಆಸ್ತಿ ಹಾಳಾದರೆ ಖಾಸಗಿ ಕಾರಿಗೆ 7.5 ಲಕ್ಷದವರೆಗೆ. ಆದರೆ ಖಾಸಗಿ ಕಾರಿನ ಒಳಗೆ ಕೂತ ನಿಮ್ಮವರು ಆ ಪಾಲಿಸಿಯ ಲೆಕ್ಕದಲ್ಲಿ 'ಹೊರಗಿನವರು' ಅಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಲವು ತೀರ್ಪುಗಳಲ್ಲಿ ಹೇಳಿದೆ. ಫುಲ್ ಪಾಲಿಸಿ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಒಳಗೆ ಕೂತವರೂ ಬರುತ್ತಾರೆ. 2009ರ ನವೆಂಬರ್‌ನಲ್ಲಿ ವಿಮಾ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿ ಇದನ್ನು ಸ್ಪಷ್ಟ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಬಾಲಕೃಷ್ಣನ್ ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿಯಿತು.

ಧಾರವಾಡದ ಕೋರ್ಟಿನಲ್ಲಿ ಎಂವಿಸಿ ಕೇಸು, ಅಂದರೆ ವಾಹನ ಅಪಘಾತ ಪರಿಹಾರದ ಕೇಸು ನಡೆಸುವವರಿಗೆಲ್ಲ ಇದು ಗೊತ್ತು. ಗಾಡಿ ಹಳೇದು ಅಂತ ಥರ್ಡ್ ಪಾರ್ಟಿಗೆ ಇಳಿದ ಮನೆಯವರಿಗೆ ಮಾತ್ರ ಗೊತ್ತಿರಲ್ಲ. ಡ್ರೈವ್ ಮಾಡಿದವರದ್ದೇ ತಪ್ಪು ಅಂತಾದರೆ, ಒಳಗಿದ್ದವರು ಯಾರ ಮೇಲೆ ಕೇಸು ಹಾಕಬೇಕು? ಮಾಲೀಕರ ಮೇಲೆ. ಅಂದರೆ ಮನೆಯವರ ಮೇಲೇ.

ಗಾಡಿ ಹಳೇದಾಗಬಹುದು. ಒಳಗೆ ಕೂರುವವರ ಬೆಲೆಗೆ ಡಿಪ್ರಿಸಿಯೇಶನ್ ಇಲ್ಲ.

ಪೇಡಾ_ಪ್ರಿಯ
ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಅರ್ಧ ಕಾರುಗಳು ಥರ್ಡ್ ಪಾರ್ಟಿ ಮೇಲೇ ಓಡುತ್ತಿವೆ.

ಮಾಳಮಡ್ಡಿ_ಟೀಚರ್
ವಕೀಲರೇ, ಪಾಲಿಸಿಯಲ್ಲಿ 'ಮಾಲೀಕ-ಚಾಲಕ 15 ಲಕ್ಷ' ಅಂತ ಇರುತ್ತದಲ್ಲ? ಅದು ಮನೆಯವರಿಗೂ ಬರಲ್ವಾ?

ಸಪ್ತಾಪುರ_ವಕೀಲ
ಬರಲ್ಲ. ಅದು ಹೆಸರೇ ಹೇಳುವ ಹಾಗೆ ಮಾಲೀಕರಿಗೆ ಮಾತ್ರ. ಅವರ ಹೆಸರಲ್ಲಿ ಆರ್‌ಸಿ ಇರಬೇಕು, ಪಾಲಿಸಿ ಇರಬೇಕು, ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. 2018ರಲ್ಲಿ ಇದರ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದರು. ಬೇರೆ ಕಡೆ ಅಷ್ಟು ಮೊತ್ತದ ಅಪಘಾತ ವಿಮೆ ಇದ್ದರೆ, ಅಥವಾ ಇನ್ನೊಂದು ಗಾಡಿಯಲ್ಲಿ ಇದನ್ನೇ ತೆಗೆದುಕೊಂಡಿದ್ದರೆ, ಮತ್ತೆ ಕಟ್ಟಬೇಕಿಲ್ಲ. ಬೈಕು, ಕಾರು ಎರಡೂ ಇರುವವರು ಎರಡು ಸಲ ಕಟ್ಟುತ್ತಾ ಇರುತ್ತಾರೆ. ನೋಡಿಕೊಳ್ಳಿ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಕಾರು ಅಪ್ಪನ ಹೆಸರಲ್ಲಿ, ಓಡಿಸುವವನು ಮಗ. ಅಪ್ಪನಿಗೆ ಲೈಸೆನ್ಸೇ ಇಲ್ಲ. ಆಗ ಈ 15 ಲಕ್ಷ ಅಪ್ಪನಿಗೂ ಸಿಗಲ್ಲ, ಮಗನಿಗೂ ಸಿಗಲ್ಲ. ಆದರೂ ಪ್ರತಿ ವರ್ಷ ಪ್ರೀಮಿಯಂನಲ್ಲಿ ಆ ಸಾಲು ಬರುತ್ತಲೇ ಇರುತ್ತದೆ.

ಒಳಗೆ ಕೂರುವವರಿಗೆ ಬೇರೆ ಅಪಘಾತ ವಿಮೆ ಇದೆ. ಒಬ್ಬರಿಗೆ 2 ಲಕ್ಷದವರೆಗೆ. ತಲಾ ಒಂದು ಲಕ್ಷದಂತೆ ಐದು ಸೀಟಿಗೆ ಸಾಮಾನ್ಯವಾಗಿ 250 ರೂಪಾಯಿ ಆಸುಪಾಸು. ಕೇಳಿ ಹಾಕಿಸಿಕೊಳ್ಳಬೇಕು. ಏಜೆಂಟ್ ತಾನಾಗಿ ಹೇಳುವುದು ಕಡಿಮೆ. ಸಂಬಳದ ಡ್ರೈವರ್ ಇದ್ದರೆ ಅವರಿಗೂ 50 ರೂಪಾಯಿಯ ಒಂದು ಸಾಲು ಇರುತ್ತದೆ, ಬಿಡಬೇಡಿ.

ಬ್ಯಾಡಗಿ_ಖಾರ
ಸರಿ, ವಕೀಲರ ಮಾತು ಒಪ್ಪಿದೆ. ಆದರೂ ಗಾಡಿಗೆ ಬರುವ ದುಡ್ಡಿನ ವಿಷಯದಲ್ಲಿ ನನ್ನ ವಾದ ಬಿಡಲ್ಲ. ಹಳೇ ಗಾಡಿಗೆ ಕ್ಲೇಮ್ ಮಾಡಿದರೆ ಅರ್ಧ ಬಿಲ್ಲು ನಾವೇ ಕಟ್ಟಬೇಕು ಅಲ್ವಾ?

ಡೆಂಟಿಂಗ್_ಪೇಂಟಿಂಗ್
ಅರ್ಧ ಅಲ್ಲ. ಲೆಕ್ಕ ಹಾಕೋಣ.

ನಾಗರಿಕ ಅವರ ಕಾರೇ ಅಂದುಕೊಳ್ಳಿ. ಮುಂದೆ ಗುದ್ದಿದೆ. ಬಂಪರ್ 6,000, ಬಾನೆಟ್ 9,000, ಮುಂದಿನ ಗಾಜು 7,000, ಪೇಂಟ್ 8,000, ಲೇಬರ್ 4,000. ಒಟ್ಟು 34,000.

ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ 50% ಕಡಿತ. ಹೊಸ ಗಾಡಿಯಾದರೂ ಅಷ್ಟೇ. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: ಮೊದಲ 6 ತಿಂಗಳು ಏನೂ ಇಲ್ಲ, ಆಮೇಲೆ 5%, 10%, 15%, 25%, 35% ಅಂತ ಏರುತ್ತದೆ. 5ರಿಂದ 10 ವರ್ಷದ ಗಾಡಿಗೆ 40%, ಅದರ ಮೇಲೆ 50%. ಗಾಜಿಗೆ ಕಡಿತ ಇಲ್ಲ. ಲೇಬರ್‌ಗೂ ಇಲ್ಲ. ಪೇಂಟಿನಲ್ಲಿ ಬಿಲ್ಲಿನ ಕಾಲು ಭಾಗವನ್ನು ಸಾಮಾನು ಅಂತ ಹಿಡಿದು ಅದರ ಅರ್ಧ ಕಡಿಯುತ್ತಾರೆ.

ಹಾಗಾಗಿ ಬಂಪರಿಗೆ 3,000, ಬಾನೆಟ್ಟಿಗೆ 5,400, ಗಾಜಿಗೆ 7,000, ಪೇಂಟಿಗೆ 7,000, ಲೇಬರ್ 4,000. ಕೂಡಿಸಿದರೆ 26,400. ಅದರಲ್ಲಿ ಕಡ್ಡಾಯ ಕಡಿತ 1,000 ಹೋಗುತ್ತದೆ. 1500 ಸಿಸಿ ಮೇಲಿನ ಗಾಡಿಯಾದರೆ 2,000. ಕಂಪನಿ ಕೊಡುವುದು 25,400. ನಿಮ್ಮ ಕೈಯಿಂದ 8,600.

ಝೀರೋ ಡೆಪ್ ಇದ್ದರೆ ನಿಮ್ಮ ಕೈಯಿಂದ ಆ 1,000 ಮಾತ್ರ. ನಟ್ಟು, ಬೋಲ್ಟು, ಆಯಿಲ್, ಕೂಲೆಂಟ್ ಖರ್ಚು ಬೇರೆ. ಅದಕ್ಕೇ ಕನ್ಸ್ಯೂಮಬಲ್ಸ್ ಆಡ್-ಆನ್ ಮಾರುತ್ತಾರೆ.

ಅಂದರೆ ಝೀರೋ ಡೆಪ್ ಇಂಥ ಒಂದು ಆಕ್ಸಿಡೆಂಟಿನಲ್ಲಿ 7,600 ಉಳಿಸಿತು. ಇಷ್ಟು ವರ್ಷ ಒಂದೂ ಕ್ಲೇಮ್ ಇಲ್ಲದೆ ಓಡಿಸಿದವರು, ಕಾರು ಹೊರಗೆ ತೆಗೆಯುವುದೇ ವಾರಕ್ಕೊಮ್ಮೆ. ನನ್ನ ಪ್ರಕಾರ ಇವರಿಗೆ ಝೀರೋ ಡೆಪ್ ಬೇಡ. ಸಾಮಾನ್ಯವಾಗಿ 5 ವರ್ಷದವರೆಗಿನ ಗಾಡಿಗೇ ಅದನ್ನು ಕೊಡುತ್ತಾರೆ. ಹಳೇ ಗಾಡಿಗೂ ಕೊಡುವ ಕಂಪನಿಗಳಿವೆ, ಆದರೆ ರೇಟು ಹತ್ತುತ್ತದೆ. ಹೊಸ ಕಾರಿಗೆ, ದಿನಾ ದುರ್ಗದಬೈಲಿನಲ್ಲಿ ಗಾಡಿ ನುಗ್ಗಿಸುವವರಿಗೆ, ಈಗಷ್ಟೇ ಡ್ರೈವಿಂಗ್ ಕಲಿತವರಿಗೆ ಕಣ್ಣು ಮುಚ್ಚಿ ಹಾಕಿಸಿ ಅನ್ನುತ್ತೇನೆ.

ಖಾರ ಅವರೇ, ನೋಡಿ, ವರ್ಕ್‌ಶಾಪಿನವನೇ ಬೇಡ ಅಂದೆ.

ಬ್ಯಾಡಗಿ_ಖಾರ
👍 ಇವತ್ತು ಊಟಕ್ಕೆ ರೊಟ್ಟಿ ನನ್ನ ಕಡೆಯಿಂದ.

ಬೆಣ್ಣಿಹಳ್ಳದ_ದಂಡೆ
ಝೀರೋ ಡೆಪ್ ಬಿಡಿ, ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ. ನವಲಗುಂದಕ್ಕೆ ಹೋಗುವವರು ಅಂತ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಬೆಣ್ಣಿಹಳ್ಳ, ತುಪ್ಪರಿಹಳ್ಳ ಹೆಂಗೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ನಮ್ಮಲ್ಲಿ ಬಿಸಿಲು ಇರುತ್ತದೆ, ಮೇಲೆ ಎಲ್ಲೋ ಮಳೆ ಆಗಿರುತ್ತದೆ, ರಾತ್ರೋರಾತ್ರಿ ಹಳ್ಳ ಬಂದುಬಿಡುತ್ತದೆ. 2019ರ ಆಗಸ್ಟ್‌ನಲ್ಲಿ ಏನಾಯಿತು ಅಂತ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯವರು ನೋಡಿದ್ದೇವೆ. ನಮ್ಮ ಪಕ್ಕದ ಮನೆಯವರ ಕಾರು ಸೇತುವೆ ಹತ್ತಿರ ನೀರಿನಲ್ಲಿ ನಿಂತುಹೋಯಿತು. ಅವರು ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದರು. ಎಂಜಿನ್ ಒಳಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗಿತು. ಫುಲ್ ಇನ್ಶೂರೆನ್ಸ್ ಇತ್ತು. ಆದರೆ ಎಂಜಿನ್ ಬಿಲ್ಲನ್ನು ಕಂಪನಿ ಒಪ್ಪಲಿಲ್ಲ. ಸೀಟು, ಮ್ಯಾಟು ಸ್ವಚ್ಛ ಮಾಡಿದ ಖರ್ಚು ಮಾತ್ರ ಕೊಟ್ಟರು.

ಡೆಂಟಿಂಗ್_ಪೇಂಟಿಂಗ್
ದಂಡೆ ಅವರು ಹೇಳಿದ್ದು ಪೂರ್ತಿ ಸರಿ. ಸಾದಾ ಪಾಲಿಸಿಯಲ್ಲಿ ನೆರೆ ನೀರು ಗಾಡಿಗೆ ನೇರವಾಗಿ ಮಾಡಿದ ಹಾನಿ ಬರುತ್ತದೆ. ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು ಆಮೇಲಿನ ಪರಿಣಾಮ ಅಂತ ಹೊರಗಿಡುತ್ತಾರೆ. ಎಂಜಿನ್ ಪ್ರೊಟೆಕ್ಟ್ ಇರುವುದೇ ಇದಕ್ಕೆ. ಅದರಲ್ಲೂ ಷರತ್ತು ಓದಿ. ನೀರಿನಲ್ಲಿ ನಿಂತ ಗಾಡಿಯನ್ನು ಬೇಕಂತಲೇ ಪದೇ ಪದೇ ಸ್ಟಾರ್ಟ್ ಮಾಡಿದ್ದು ಕಂಡರೆ ಅಲ್ಲಿಯೂ ತಕರಾರು ಬರುತ್ತದೆ.

ನೀರಿನಲ್ಲಿ ಗಾಡಿ ನಿಂತರೆ ಕೀ ಮುಟ್ಟಬೇಡಿ. ಇಳಿದು ಜೀವ ಉಳಿಸಿಕೊಳ್ಳಿ. ಆಗುವುದಾದರೆ ದೂರದಿಂದಲೇ ಫೋಟೊ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ. ನೀರು ಇಳಿದ ಮೇಲೆ ಟೋ ಮಾಡಿಸಿ. ಸಾದಾ ಪಾಲಿಸಿಯಲ್ಲಿ ಟೋಯಿಂಗ್‌ಗೆ 1,500 ರೂಪಾಯಿವರೆಗೆ ಮಾತ್ರ ಸಿಗುತ್ತದೆ. ಊರ ಹೊರಗೆ ಹೆಚ್ಚು ಓಡಾಡುವವರಿಗೆ ರೋಡ್‌ಸೈಡ್ ಅಸಿಸ್ಟೆನ್ಸ್ ಉಪಯೋಗಕ್ಕೆ ಬರುತ್ತದೆ, ದುಬಾರಿಯೂ ಅಲ್ಲ.

ಹುಬ್ಬಳ್ಳಿ ಒಳಗೇ ಉಣಕಲ್ ನಾಲೆ ಪಕ್ಕ ಇರುವವರಿಗೂ ಇದು ಬೇಕು. ಧಾರವಾಡದಲ್ಲಿ ಎತ್ತರದ ಜಾಗದಲ್ಲಿರುವವರು ಬಿಟ್ಟರೂ ನಡೆಯುತ್ತದೆ. ಅವರ ಚಿಂತೆ ಮರದ್ದು. ಮೇ ತಿಂಗಳ ಗಾಳಿ ಮಳೆಗೆ ಪ್ರತಿ ವರ್ಷ ಒಂದೆರಡು ಕಾರು ಟೊಂಗೆ ಬಿದ್ದು ನಮ್ಮಲ್ಲಿಗೆ ಬರುತ್ತವೆ. ಅದಕ್ಕೆ ಸಾದಾ ಫುಲ್ ಪಾಲಿಸಿ ಸಾಕು.

ಹುಲಕೋಟಿ_ಹುಡುಗ
ಗದಗ ರಸ್ತೆಯವರ ಚಿಂತೆ ಯಾರೂ ಹೇಳಲಿಲ್ಲ. ಸುಗ್ಗಿ ಬಂತು ಅಂದರೆ ರಸ್ತೆ ತುಂಬ ಹುರುಳಿ, ಹೆಸರು, ಕಡಲೆ ಹರಡಿರುತ್ತಾರೆ. ಗಾಡಿ ಹಾಯ್ದರೆ ತಾನಾಗಿ ಒಕ್ಕಣೆ ಆಗುತ್ತದೆ ಅಂತ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಕ್ಲೇಮ್ ಬರುತ್ತದಾ?

ಡೆಂಟಿಂಗ್_ಪೇಂಟಿಂಗ್
ಬೆಂಕಿ ಫುಲ್ ಪಾಲಿಸಿಯಲ್ಲಿ ಇದೆ. ಅಗ್ನಿಶಾಮಕದವರ ವರದಿ, ಪೊಲೀಸ್ ಠಾಣೆಯಲ್ಲಿ ದೂರು, ಸ್ಥಳದ ಫೋಟೊ ಇರಲಿ. ಬರೀ ಬಳ್ಳಿ ಸುತ್ತಿ ಆಕ್ಸಲ್ ಬೂಟ್ ಹರಿದರೆ ಕೆಲವು ಸರ್ವೇಯರ್‌ಗಳು ಅದು ಸವೆತ ಅಂತ ವಾದ ಮಾಡುತ್ತಾರೆ. ಬಳ್ಳಿ ಬಿಚ್ಚುವ ಮೊದಲೇ ಫೋಟೊ ತೆಗೆದಿಟ್ಟರೆ ನಮಗೂ ವಾದ ಮಾಡೋಕೆ ಅನುಕೂಲ.

ಆದರೆ ಆ ಹೊಟ್ಟಿನ ಮೇಲೆ ಗಾಡಿ ನಿಲ್ಲಿಸಬೇಡಿ. ನಿಂತ ಗಾಡಿಗೇ ಬೆಂಕಿ ಬೇಗ ಹತ್ತುವುದು.

ಹುಲಕೋಟಿ_ಹುಡುಗ
ಮತ್ತೆ ಟ್ರ್ಯಾಕ್ಟರ್? ರಾತ್ರಿ ಹೊತ್ತು ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಗುದ್ದಿದ ಮೇಲೆ ನೋಡಿದರೆ ಟ್ರೇಲರ್‌ಗೆ ಇನ್ಶೂರೆನ್ಸೇ ಇರಲ್ಲ.

ಸಪ್ತಾಪುರ_ವಕೀಲ
ಇದೇ ನೋಡಿ, ಫುಲ್ ಪಾಲಿಸಿ ಬೇಕು ಅನ್ನೋಕೆ ಇನ್ನೊಂದು ಕಾರಣ. ಎದುರಿನವರ ತಪ್ಪಿದ್ದು, ಅವರಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ನಿಮ್ಮ ಗಾಡಿಯ ಖರ್ಚನ್ನು ಅವರಿಂದಲೇ ವಸೂಲಿ ಮಾಡಬೇಕು. ಅದು ವರ್ಷಗಟ್ಟಲೆ ಎಳೆಯುತ್ತದೆ. ಕೊನೆಗೆ ಆದೇಶ ಬಂದರೂ ದುಡ್ಡು ಬರುತ್ತದೆ ಅಂತ ಹೇಳೋಕೆ ಆಗಲ್ಲ. ನಿಮ್ಮದು ಫುಲ್ ಪಾಲಿಸಿ ಆಗಿದ್ದರೆ ನಿಮ್ಮ ಕಂಪನಿ ರಿಪೇರಿ ಮಾಡಿಸಿಕೊಡುತ್ತದೆ. ಅವರ ಹಿಂದೆ ಓಡುವುದು ಕಂಪನಿಯ ಕೆಲಸ.

ಇನ್ನು ಇನ್ಶೂರೆನ್ಸೇ ಇಲ್ಲದೆ ಓಡಿಸುವವರಿಗೆ: 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ಕಡ್ಡಾಯ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ ದಂಡ 4,000. ದಂಡ ದೊಡ್ಡದಲ್ಲ. ಯಾರಾದರೂ ಸತ್ತರೆ ಲಕ್ಷಗಟ್ಟಲೆ ಪರಿಹಾರ ಹೊಲ, ಮನೆ ಮೇಲೆ ಬರುತ್ತದೆ. ಅದಕ್ಕೆ ಹೆದರಬೇಕು.

ಚೆನ್ನಮ್ಮ_ಸರ್ಕಲ್
ನಾನು ವೈಟ್ ಬೋರ್ಡ್ ಕಾರನ್ನು ಪರಿಚಯದವರಿಗೆ ಆಗಾಗ ಬಾಡಿಗೆಗೆ ಕೊಡುತ್ತೇನೆ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬುಕ್ಕಿಂಗ್ ಜಾಸ್ತಿ. ಫುಲ್ ಇನ್ಶೂರೆನ್ಸ್ ಇದೆ. ತೊಂದರೆ ಇಲ್ಲ ಅಲ್ವಾ?

ಸಪ್ತಾಪುರ_ವಕೀಲ
ತೊಂದರೆ ಇದೆ. ನಿಮ್ಮ ಪಾಲಿಸಿಯ ಮೊದಲ ಪುಟದಲ್ಲೇ ಬಳಕೆಯ ಮಿತಿ ಅಂತ ಬರೆದಿರುತ್ತದೆ. ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟಾಗ ಅಪಘಾತ ಆದರೆ ಗಾಡಿಯ ಕ್ಲೇಮ್ ತಿರಸ್ಕಾರ ಮಾಡಲು ಕಂಪನಿಗೆ ಬಲವಾದ ಆಧಾರ ಸಿಕ್ಕ ಹಾಗೆ. ಹೊರಗಿನವರಿಗೆ ಪರಿಹಾರ ಕೊಟ್ಟರೂ ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡಲು ಕೋರ್ಟ್ ಅನುಮತಿ ಕೊಡಬಹುದು. ಬಾಡಿಗೆ ಮಾಡುವುದಾದರೆ ಹಳದಿ ಬೋರ್ಡ್ ಮಾಡಿಸಿ, ಅದರ ಪಾಲಿಸಿ ತೆಗೆದುಕೊಳ್ಳಿ.

ಪೇಡಾ_ಪ್ರಿಯ
ಸಿಎನ್‌ಜಿ ಕಿಟ್ ಹೊರಗೆ ಹಾಕಿಸಿದವರಿಗೂ ಇದೇ ಕಥೆ ಅಲ್ವಾ? ನಮ್ಮ ಕಡೆ ಈಗ ಬಂಕುಗಳು ಆದ ಮೇಲೆ ಬಹಳ ಮಂದಿ ಹಾಕಿಸುತ್ತಿದ್ದಾರೆ.

ಡೆಂಟಿಂಗ್_ಪೇಂಟಿಂಗ್
ಹೌದು. ಮೊದಲು ಆರ್‌ಟಿಓದಲ್ಲಿ ಆರ್‌ಸಿಗೆ ಹತ್ತಿಸಿ, ಆಮೇಲೆ ಪಾಲಿಸಿಗೆ ಹತ್ತಿಸಿ. ಕಿಟ್ಟಿನ ಬೆಲೆ ಮೇಲೆ ಸ್ವಲ್ಪ ಹೆಚ್ಚು ಪ್ರೀಮಿಯಂ ಅಷ್ಟೇ. ಹತ್ತಿಸದೆ ಇದ್ದು ಬೆಂಕಿ ಬಿದ್ದರೆ ಜಗಳ ಖಚಿತ.

ಮಾಳಮಡ್ಡಿ_ಟೀಚರ್
ನನ್ನದೊಂದು ಸಣ್ಣ ಪ್ರಶ್ನೆ. ಬಾಗಿಲಿಗೆ ಆಟೋ ತಾಗಿ ಉಜ್ಜಿದೆ. ರಿಪೇರಿಗೆ 4,500 ಅಂತಾರೆ. ಎನ್‌ಸಿಬಿ 50% ಇದೆ. ಕ್ಲೇಮ್ ಮಾಡಲಾ?

ಡೆಂಟಿಂಗ್_ಪೇಂಟಿಂಗ್
ಬೇಡ ಮೇಡಂ. ಎನ್‌ಸಿಬಿ ಮೆಟ್ಟಿಲು 20, 25, 35, 45, 50. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ, ಮತ್ತೆ ಕೆಳಗಿನಿಂದ ಹತ್ತಬೇಕು.

ಗಾಡಿ ಡ್ಯಾಮೇಜ್ ಭಾಗದ ಪ್ರೀಮಿಯಂ ರಿಯಾಯಿತಿಗೆ ಮುಂಚೆ 6,000 ಅಂತ ಹಿಡಿಯಿರಿ. ಈಗ ನೀವು ಕಟ್ಟುವುದು 3,000. ಕ್ಲೇಮ್ ಮಾಡಿದ ಮೇಲೆ ಮೊದಲ ವರ್ಷ 6,000, ಆಮೇಲೆ 4,800, 4,500, 3,900, 3,300. ನಂತರ ಮತ್ತೆ 3,000. ಹೆಚ್ಚಿಗೆ ಹೋಗಿದ್ದನ್ನು ಕೂಡಿಸಿದರೆ 7,500. ಐಡಿವಿ ಇಳಿದ ಹಾಗೆ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾಗಿ ಸ್ವಲ್ಪ ಕಡಿಮೆ ಇರುತ್ತದೆ. ಆದರೂ 4,500 ಬಿಲ್ಲಿನಲ್ಲಿ ಕಡಿತ ಎಲ್ಲ ಹೋಗಿ 3,000 ಚಿಲ್ಲರೆ ಸಿಗುವುದಕ್ಕೆ ಇದು ಯೋಗ್ಯ ಅಲ್ಲ.

ಎನ್‌ಸಿಬಿ ನಿಮ್ಮದು, ಕಾರಿನದ್ದಲ್ಲ. ಕಾರು ಮಾರಿದರೆ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಳ್ಳಿ. 3 ವರ್ಷದೊಳಗೆ ಹೊಸ ಕಾರಿಗೆ ಹಾಕಿಕೊಳ್ಳಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಣ ಮಾಡದಿದ್ದರೆ ಮಾತ್ರ ಹೋಯಿತು.

ಗಬ್ಬೂರ್_ಕ್ರಾಸ್
ನಡುವೆ ಬಂದೆ. ಹೊಸ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುತ್ತಿದ್ದೇನೆ. ಶೋರೂಮಿನವರು ನಮ್ಮಲ್ಲೇ ಇನ್ಶೂರೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಡೆಲಿವರಿ ತಡ ಆಗುತ್ತದೆ ಅನ್ನುತ್ತಿದ್ದಾರೆ. ಹೊರಗೆ ಕೇಳಿದರೆ ಸುಮಾರು ಕಡಿಮೆ ಇದೆ.

ಸಪ್ತಾಪುರ_ವಕೀಲ
ಹಾಗೆ ಒತ್ತಾಯ ಮಾಡುವಂತಿಲ್ಲ. ಡೀಲರ್‌ಗಳು ವಿಮೆ ಮಾರುವ ಬಗ್ಗೆ 2017ರಲ್ಲೇ ಪ್ರಾಧಿಕಾರ ನಿಯಮ ಮಾಡಿದೆ. ಎಲ್ಲಿ ಬೇಕಾದರೂ ತೆಗೆದುಕೊಳ್ಳುವ ಹಕ್ಕು ನಿಮ್ಮದು. ಹೊರಗಿನ ರೇಟನ್ನು ತೋರಿಸಿ. ಬಹಳ ಸಲ ಅಲ್ಲೇ ಇಳಿಸುತ್ತಾರೆ.

2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟ್ ಆದೇಶ. ಎಲೆಕ್ಟ್ರಿಕ್ ಕಾರಿಗೆ ಅದರಲ್ಲಿ 15% ರಿಯಾಯಿತಿ ಇದೆ. 30ರಿಂದ 65 ಕಿಲೋವ್ಯಾಟ್ ಗಾಡಿಗೆ 3 ವರ್ಷಕ್ಕೆ 9,044. ಗಾಡಿ ಡ್ಯಾಮೇಜ್ ಭಾಗ ಒಂದು ವರ್ಷದ್ದು ಸಾಕು. ಎರಡನೇ ವರ್ಷ ಅದನ್ನು ಬೇರೆ ಕಂಪನಿಯಲ್ಲಿ ಪ್ರತ್ಯೇಕವಾಗಿ ತೆಗೆದುಕೊಳ್ಳಬಹುದು.

ಇಲ್ಲೇ ಒಂದು ಎಚ್ಚರ. ಆ ಎರಡನೇ ವರ್ಷ ಮಂದಿ 'ನಮ್ಮದು 3 ವರ್ಷದ ಇನ್ಶೂರೆನ್ಸ್ ಇದೆ' ಅಂತ ಸುಮ್ಮನಿದ್ದುಬಿಡುತ್ತಾರೆ. ಇರುವುದು ಥರ್ಡ್ ಪಾರ್ಟಿ ಮಾತ್ರ.

ಡೆಂಟಿಂಗ್_ಪೇಂಟಿಂಗ್
ಎಲೆಕ್ಟ್ರಿಕ್‌ಗೆ ಬ್ಯಾಟರಿ ಆಡ್-ಆನ್ ಕಡ್ಡಾಯ ಅಂತ ತಿಳಿಯಿರಿ. ಮೇಲೆ ಹೇಳಿದ ಹಾಗೆ ಬ್ಯಾಟರಿಗೆ 50% ಕಡಿತ. ಆ ಗಾಡಿಯಲ್ಲಿ ದುಡ್ಡೆಲ್ಲ ಇರುವುದೇ ಬ್ಯಾಟರಿಯಲ್ಲಿ. ನೀರು ಹೊಕ್ಕರೂ, ಚಾರ್ಜ್ ಮಾಡುವಾಗ ಕರೆಂಟ್ ಏರಿಳಿತ ಆದರೂ ಬರುತ್ತದಾ ಅಂತ ಕೇಳಿ.

ರಿಟರ್ನ್ ಟು ಇನ್ವಾಯ್ಸ್ (ಗಾಡಿ ಪೂರ್ತಿ ಹೋದರೆ ಐಡಿವಿ ಬದಲು ಕೊಂಡ ಬಿಲ್ಲಿನ ಬೆಲೆ ಕೊಡುವ ಆಡ್-ಆನ್) ಕೂಡ ಹೊಸ ಗಾಡಿಗೆ ನನಗೆ ಇಷ್ಟ. ಐಡಿವಿ ಲೆಕ್ಕ ಎಕ್ಸ್-ಶೋರೂಮ್ ಬೆಲೆ ಮೇಲೆ. ಮೊದಲ 6 ತಿಂಗಳು 5% ಇಳಿಕೆ, ವರ್ಷದೊಳಗೆ 15%, ಎರಡು ವರ್ಷಕ್ಕೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಟೋಟಲ್ ಲಾಸ್, ಅಂದರೆ ರಿಪೇರಿ ಬದಲು ಐಡಿವಿ ಲೆಕ್ಕದಲ್ಲಿ ದುಡ್ಡು. ನೀವು ಕಟ್ಟಿದ ರೋಡ್ ಟ್ಯಾಕ್ಸ್, ರಿಜಿಸ್ಟ್ರೇಶನ್ ಐಡಿವಿಯಲ್ಲಿ ಇರಲ್ಲ. ಸಾಲ ಇದ್ದರಂತೂ ಕಾರು ಹೋಗಿ ಕಂತು ಉಳಿಯುತ್ತದೆ.

5 ವರ್ಷ ದಾಟಿದ ಗಾಡಿಯ ಐಡಿವಿ ಮಾತಾಡಿ ನಿಗದಿ ಮಾಡುವುದು. ಪ್ರೀಮಿಯಂ ಕಡಿಮೆ ತೋರಿಸೋಕೆ ಐಡಿವಿ ಇಳಿಸಿರುತ್ತಾರೆ. ನಾಗರಿಕ ಅವರೇ, ನಿಮ್ಮ ಮಾಡೆಲ್ ಹಳೇ ಕಾರು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿದೆ ನೋಡಿ. 3 ಲಕ್ಷ ಇದ್ದರೆ 2.60 ಒಪ್ಪಬೇಡಿ.

ಹುಲಕೋಟಿ_ಹುಡುಗ
ಕಳವಾದರೆ?

ಡೆಂಟಿಂಗ್_ಪೇಂಟಿಂಗ್
ತಕ್ಷಣ ಎಫ್‌ಐಆರ್, ತಕ್ಷಣ ಕಂಪನಿಗೆ ತಿಳಿಸಿ. ಎರಡೂ ಕೀ ಕೇಳುತ್ತಾರೆ, ಎತ್ತಿಟ್ಟಿರಿ. ಪೊಲೀಸರು ಪತ್ತೆ ಆಗಿಲ್ಲ ಅಂತ ಸಿ ರಿಪೋರ್ಟ್ ಹಾಕಿದ ಮೇಲೆ ದುಡ್ಡು.

ಬೆಣ್ಣಿಹಳ್ಳದ_ದಂಡೆ
ಕಂಪನಿ ಸುಮ್ನೆ ತಿರಸ್ಕಾರ ಮಾಡಿದರೆ ಹಳ್ಳಿಯವರು ಎಲ್ಲಿಗೆ ಹೋಗಬೇಕು? ನಮ್ಮ ಪಕ್ಕದ ಮನೆಯವರು ಅಷ್ಟಕ್ಕೇ ಬಿಟ್ಟುಬಿಟ್ಟರು.

ಸಪ್ತಾಪುರ_ವಕೀಲ
ಮೊದಲು ಕಂಪನಿಯ ದೂರು ಅಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ವಿಮಾ ಲೋಕಪಾಲರು, ಅಂದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ದೂರು ಆನ್‌ಲೈನ್‌ನಲ್ಲೇ ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ (ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ). 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಕಂಪನಿ ತಿರಸ್ಕಾರ ಮಾಡಿದ ಒಂದು ವರ್ಷದೊಳಗೆ ಹೋಗಬೇಕು. ಪ್ರಾಧಿಕಾರದ ಸಹಾಯವಾಣಿ 155255, ಬಿಮಾ ಭರೋಸಾ ಪೋರ್ಟಲ್ ಕೂಡ ಇದೆ. ಅದೂ ಬೇಡ ಅಂದರೆ ಜಿಲ್ಲಾ ಗ್ರಾಹಕರ ಆಯೋಗ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದೆ.

ತಿರಸ್ಕಾರವನ್ನು ಬಾಯಿಮಾತಲ್ಲಿ ಒಪ್ಪಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಪತ್ರ ಕೇಳಿ. ಆ ಪತ್ರ ಕೇಳಿದ ಕೂಡಲೇ ದನಿ ಬದಲಾದ ಕಂಪನಿಗಳನ್ನು ನೋಡಿದ್ದೇನೆ.

ನವನಗರದ_ನಾಗರಿಕ
ಎಲ್ಲರಿಗೂ ಧನ್ಯವಾದ. ಏಜೆಂಟ್ ಜೊತೆ ಮಾತಾಡಿದೆ. ಝೀರೋ ಡೆಪ್, ಕನ್ಸ್ಯೂಮಬಲ್ಸ್ ತೆಗೆಸಿದೆ. ಎಂಜಿನ್ ಪ್ರೊಟೆಕ್ಟ್ ಇಟ್ಟೆ. ಒಳಗೆ ಕೂರುವವರಿಗೆ ತಲಾ 2 ಲಕ್ಷ ಹಾಕಿಸಿದೆ. ಬೈಕಿನ ಪಾಲಿಸಿಯಲ್ಲಿ 15 ಲಕ್ಷದ್ದು ಇತ್ತು, ಇಲ್ಲಿ ಅದನ್ನು ತೆಗೆದರು. ಐಡಿವಿ 2.90ಕ್ಕೆ ಒಪ್ಪಿದ್ದಾರೆ. ಹೊಸ ರೇಟು ನಾಳೆ ಕಳಿಸುತ್ತಾರಂತೆ. ಹಳೇ ಪಾಲಿಸಿ ಮುಗಿಯುವ ಮೊದಲೇ ಕಟ್ಟಿಬಿಡುತ್ತೇನೆ.

ಡೆಂಟಿಂಗ್_ಪೇಂಟಿಂಗ್
ಸರಿಯಾಗಿದೆ. ಒಂದು ದಿನ ತಪ್ಪಿದರೂ ಗಾಡಿ ಇನ್ಸ್‌ಪೆಕ್ಷನ್ ಕೇಳುತ್ತಾರೆ, ಆ ದಿನ ಆದ ಅಪಘಾತಕ್ಕೆ ಏನೂ ಇಲ್ಲ.

ರಾಣೆಬೆನ್ನೂರು_68
ಈ ಥ್ರೆಡ್ ಓದಿ ಭಯ ಆಯಿತು. ನಮ್ಮ ತಂದೆ ಹೋದ ತಿಂಗಳು ತೀರಿಕೊಂಡರು. ಕಾರು, ಪಾಲಿಸಿ ಎರಡೂ ಅವರ ಹೆಸರಲ್ಲಿ. ಪಾಲಿಸಿ ಇನ್ನೂ ಏಳೆಂಟು ತಿಂಗಳಿದೆ. ಓಡಿಸಬಹುದಾ?

ಸಪ್ತಾಪುರ_ವಕೀಲ
ಕೇಳಿ ಬೇಸರವಾಯಿತು. ಓಡಿಸಬಹುದು, ಆದರೆ ಕಾಲಮಿತಿ ಇದೆ. ಮಾಲೀಕರು ತೀರಿಕೊಂಡ ದಿನದಿಂದ 3 ತಿಂಗಳು, ಅಥವಾ ಪಾಲಿಸಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಪಾಲಿಸಿ ನಡೆಯುತ್ತದೆ. ನಿಮಗೆ ಇನ್ನು ಎರಡು ತಿಂಗಳು ಇದೆ ಅಂತ ತಿಳಿಯಿರಿ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಮೂಲ ಪಾಲಿಸಿ ಹಿಡಿದುಕೊಂಡು ಕಂಪನಿಗೆ ಅರ್ಜಿ ಕೊಡಿ. ಅದರ ಜೊತೆಗೇ ಆರ್‌ಟಿಓದಲ್ಲಿ ಆರ್‌ಸಿ ವರ್ಗಾವಣೆ ಶುರು ಮಾಡಿ. ತಂದೆಯವರ ಎನ್‌ಸಿಬಿ ಈ ಒಂದು ಸಂದರ್ಭದಲ್ಲಿ ಮಾತ್ರ ವಾರಸುದಾರರಿಗೆ ಬರುತ್ತದೆ, ಕೇಳಲು ಮರೆಯಬೇಡಿ.

ರಾಣೆಬೆನ್ನೂರು_68
ನಮ್ಮಣ್ಣ ಬೆಂಗಳೂರಿನಲ್ಲಿದ್ದಾನೆ. ಅವನ ಸಹಿ ಬೇಕಾಗುತ್ತದಾ?

ಸಪ್ತಾಪುರ_ವಕೀಲ
ಬೇಕಾಗುತ್ತದೆ. ಕಾರು ನಿಮ್ಮ ಹೆಸರಿಗೆ ಆಗಲು ನಿಮ್ಮ ಅಣ್ಣ, ತಾಯಿ ಎಲ್ಲರ ಒಪ್ಪಿಗೆ ಪತ್ರ ಇದ್ದರೆ ಕೆಲಸ ಸಲೀಸು. ಮುಂದಿನ ಸಲ ಊರಿಗೆ ಬಂದಾಗ ಮಾಡಿಸಿಕೊಂಡುಬಿಡಿ.